ಟ್ಯಾಂಕಿಗೆ ಮರಳುವ ಪೆಟ್ರೋಲು

ನನ್ನ ಹಳೆಯ ಕಾಂಟೆಸ್ಸಾ ಕಾರಿನ ಕಾರ್ಬ್ಯುರೇಟರಿಗೆ, ಅಂದರೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗಕ್ಕೆ, ಬೇಕಾದದ್ದು 6.5 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ. ಕಾಲು ಮೈಲಿ ಓಟದ ಪಂದ್ಯಕ್ಕೆಂದು ನಾನು ಕೂರಿಸಿದ ವಿದ್ಯುತ್ ಪಂಪು ಅದಕ್ಕಿಂತ ಬಹಳ ಹೆಚ್ಚು ತಳ್ಳುತ್ತದೆ. ಈ ಒತ್ತಡವನ್ನು ಹದದಲ್ಲಿಡಲು ಹಾಕಿದ್ದ ಮೊದಲಿನ ರೆಗ್ಯುಲೇಟರಿನಲ್ಲಿ ಪೆಟ್ರೋಲು ಹಿಂದಿರುಗಲು ದಾರಿಯೇ ಇರಲಿಲ್ಲ. ಕಾರ್ಬ್ಯುರೇಟರ್ ತುಂಬಿದಾಗ ಪೆಟ್ರೋಲಿನ ದಾರಿ ತಡೆಯುವ ಫ್ಲೋಟ್ ಸೂಜಿ ಮುಚ್ಚಿದ ಮೇಲೂ ಒತ್ತಡ ಸದ್ದಿಲ್ಲದೆ ಏರುತ್ತಿತ್ತು. ಕೊನೆಗೆ ಸೂಜಿ ಸೋತು ಪೆಟ್ರೋಲು ಉಕ್ಕುತ್ತಿತ್ತು. ಬಿಸಿ ಎಂಜಿನ್ನಿನ ಮೇಲೆ ಅದು ಹರಿಯುವುದನ್ನು ಕಂಡ ದಿನ ನನಗೆ ನಿದ್ದೆ ಬರಲಿಲ್ಲ.

ಈಗ ರಿಟರ್ನ್ ಬಗೆಯದನ್ನು ಹಾಕಿದ್ದೇನೆ. ಒತ್ತಡ ಅದರೊಳಗಿನ ಸ್ಪ್ರಿಂಗಿನ ಬಲವನ್ನು ಮೀರಿದೊಡನೆ ಡಯಾಫ್ರಮ್ ಎಂಬ ಬಾಗುವ ತೆಳು ಪರದೆ ಸರಿದು, ಹೆಚ್ಚಾದ ಪೆಟ್ರೋಲು ಟ್ಯಾಂಕಿಗೆ ಮರಳುತ್ತದೆ. ಪಂಪಿಗೆ ಏದುಸಿರಿಲ್ಲ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಇನ್ನೊಂದು ಲಾಭವೂ ಇದೆ: ಸದಾ ಹರಿಯುವ ಪೆಟ್ರೋಲು ಎಂಜಿನ್ನಿನ ಬಳಿಯ ಪೈಪಿನಲ್ಲಿ ನಿಂತು ಕಾದು ಆವಿಯಾಗುವುದು ಕಡಿಮೆ.

ಆದರೆ ಮೊದಲ ದಿನ ಒತ್ತಡ ಹೊಂದಿಸುವ ಸ್ಕ್ರೂ ಪೂರ್ತಿ ಸಡಿಲಿಸಿದರೂ ಒತ್ತಡ ತೋರಿಸುವ ಗೇಜಿನ ಮುಳ್ಳು 9ರಿಂದ ಇಳಿಯಲೇ ಇಲ್ಲ. ರೆಗ್ಯುಲೇಟರ್ ಕೆಟ್ಟಿದೆ ಎಂದುಕೊಂಡೆ. ಹುಮನಾಬಾದ್ ರಸ್ತೆಯ ಗ್ಯಾರೇಜಿನ ಕಾಕಾ ಕೆಳಗೆ ಬಗ್ಗಿ ನೋಡಿ, "ಮರಳುವ ಪೈಪು ಇಷ್ಟು ಸಣ್ಣದಾದರೆ ಪೆಟ್ರೋಲು ಹೋಗುವುದಾದರೂ ಎಲ್ಲಿಂದ, ತಮ್ಮಾ?" ಎಂದರು. 6 ಮಿಲಿಮೀಟರಿನ ಪೈಪು ತೆಗೆದು 10ರದ್ದನ್ನು ಹಾಕಿದೆವು. ಎಂಜಿನ್ ಓಡುತ್ತಿರುವಾಗಲೇ ಸ್ಕ್ರೂ ತಿರುಗಿಸಿದೆ, ಮುಳ್ಳು 6.5ಕ್ಕೆ ಬಂದು ನಿಂತಿತು.

ಗ್ಲಿಸರಿನ್ ತುಂಬಿದ ಗೇಜು ಕಾದಾಗ ತಪ್ಪು ಅಂಕಿ ತೋರಿಸಬಹುದು. ಅದಕ್ಕೇ ನಾನು ಬೆಳಗಿನ ತಂಪಿನಲ್ಲಿಯೇ ಒತ್ತಡ ಹೊಂದಿಸುತ್ತೇನೆ.