ಬಾಲ್ ನಾಲ್ಕೂವರೆ ಕಿಲೋ, ಸರಿ. ಬಂಡೆಗೆ ಸಿಕ್ಕಿಕೊಂಡರೆ?

ಪೀಣ್ಯದಲ್ಲಿ ಕೂತು ಸಮುದ್ರದ ದೋಣಿ ಕಟ್ಟುವವರಿಗೆ ಒಂದು ಕಷ್ಟ ತಪ್ಪಿದ್ದಲ್ಲ. ಮಂಗಳೂರು ಇಲ್ಲಿಂದ ಸುಮಾರು 350 ಕಿಲೋಮೀಟರ್. ನಾವು ಮಾಡಿದ ಎಡವಟ್ಟು ಅಲ್ಲಿ ನೀರಿಗೆ ಇಳಿದ ಮೇಲೆಯೇ ಗೊತ್ತಾಗುತ್ತದೆ, ಅಷ್ಟರಲ್ಲಿ ಲಾರಿ ವಾಪಸ್ ಬಂದಿರುತ್ತದೆ, ಬಿಲ್ ಹೋಗಿರುತ್ತದೆ, ಬೈಗುಳ ತಿನ್ನುವುದಕ್ಕೆ ಫೋನಿನ ಈ ಕಡೆ ನಾನು ಇರುತ್ತೇನೆ. ಸೇಲ್ಸ್‌ನವರ ಫೋನು ಆ ಹೊತ್ತಿಗೆ ಸರಿಯಾಗಿ ಬಿಜಿ.

ಈ ಸಲದ್ದು 24 ಅಡಿಯ ಸೆಂಟರ್ ಕನ್ಸೋಲ್, ಅಂದರೆ ಚುಕ್ಕಾಣಿ ನಡುವಿನಲ್ಲಿರುವ ತೆರೆದ ದೋಣಿ. ಗಿರಾಕಿ ಕರಾವಳಿಯವರು, ಗಾಳ ಹಾಕುವ ಹುಚ್ಚು. ಕೆನಡಾದಲ್ಲಿರುವ ಅಣ್ಣನಿಂದ ಎರಡು ಎಲೆಕ್ಟ್ರಿಕ್ ಡೌನ್‌ರಿಗ್ಗರ್, ಅಂದರೆ ಗಾಳವನ್ನು ಆಳಕ್ಕೆ ಇಳಿಸುವ ಯಂತ್ರ, ತರಿಸಿಕೊಂಡಿದ್ದರು. ಆ ಕಡೆಯ ಸಾಲ್ಮನ್ ಬೇಸಿಗೆಯಲ್ಲಿ ತಣ್ಣನೆ ನೀರು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ಅಲ್ಲಿಗೆ ಗಾಳ ಮುಟ್ಟಬೇಕಾದರೆ ಭಾರ ಕಟ್ಟಲೇಬೇಕು. ಹಾಗಾಗಿ ಸ್ಟೀಲ್ ಕೇಬಲ್‌ನ ತುದಿಗೆ ಸೀಸದ ಗುಂಡು (ಬಾಲ್ ಎನ್ನುವುದು ಇದನ್ನೇ), ಅದರ ಹತ್ತಿರ ಒಂದು ಕ್ಲಿಪ್, ಕ್ಲಿಪ್‌ನಲ್ಲಿ ಗಾಳದ ದಾರ. ಮೀನು ಎಳೆದ ಕೂಡಲೇ ದಾರ ಕ್ಲಿಪ್ ಬಿಡಿಸಿಕೊಳ್ಳುತ್ತದೆ, ಆಮೇಲೆ ಮೀನಿಗೂ ರಾಡ್ ಹಿಡಿದವನಿಗೂ ಬಿಟ್ಟದ್ದು. ಇವರಿಗೆ ಅದರಲ್ಲಿ ಅಂಜಲ್ ಹಿಡಿಯುವ ಆಸೆ.

ವರ್ಕ್ ಆರ್ಡರ್‌ನಲ್ಲಿ ಬರೆದಿದ್ದು ಒಂದೇ ಸಾಲು. 'ಡೌನ್‌ರಿಗ್ಗರ್ ಫಿಟ್ಟಿಂಗ್, ಎರಡು, ಕಸ್ಟಮರ್ ಸಪ್ಲೈ.' ಲೇಬರ್ ಅರ್ಧ ದಿನ. ಆ ಅರ್ಧ ದಿನ ಯಾರು ಲೆಕ್ಕ ಹಾಕಿದರೋ, ಒಂದು ಸಲವೂ ಡ್ರಿಲ್ ಹಿಡಿದ ಕೈ ಅಲ್ಲ ಅದು.

ಮೊದಲ ಜಗಳ ಬೋಲ್ಟ್‌ದು. ಇಂಡೆಂಟ್‌ನಲ್ಲಿ ನಾನು 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್ (ಎಸ್‌ಎಸ್) ಎಂದು ಬರೆದಿದ್ದೆ. ಪರ್ಚೇಸ್‌ನವರು ಎಸ್.ಪಿ. ರೋಡಿಗೆ ಹೋಗಿ 304 ತಂದರು. "ಎಸ್‌ಎಸ್ ಅಂದ್ರೆ ಎಸ್‌ಎಸ್ ಸಾರ್, ಮ್ಯಾಗ್ನೆಟ್ ಹಿಡೀತಾ ಇಲ್ಲ ನೋಡಿ." ಮ್ಯಾಗ್ನೆಟ್‌ನಿಂದ ಈ ಎರಡರ ವ್ಯತ್ಯಾಸ ತಿಳಿಯುವುದೇ ಇಲ್ಲ. ಬೇಕಾದದ್ದು ಮಾಲಿ ಟೆಸ್ಟ್ ಡ್ರಾಪ್, ಮಾಲಿಬ್ಡಿನಮ್ ಇದ್ದರೆ ಬಣ್ಣ ಬದಲಾಗುವ ದ್ರವ. 316ರಲ್ಲಿ ಮಾಲಿಬ್ಡಿನಮ್ ಶೇ. 2ರಿಂದ 3 ಇರುತ್ತದೆ, ಉಪ್ಪು ನೀರು ತಡೆಯುವುದು ಅದೇ. ಡ್ರಾಪ್ ಹಾಕಿ ತೋರಿಸಿದೆ, ಬಣ್ಣ ಬದಲಾಗಲಿಲ್ಲ. ಮತ್ತೆ ಎಸ್.ಪಿ. ರೋಡ್, ಮತ್ತೆ ಆಟೋ ವೋಚರ್, ಮತ್ತೆ ನನ್ನದೇ ಸಹಿ.

ಲೋಡ್ ಲೆಕ್ಕ ನನ್ನದು. ಬಾಲ್ 10 ಪೌಂಡ್, ಅಂದರೆ ನಾಲ್ಕೂವರೆ ಕಿಲೋ. ನೀರಿನಲ್ಲಿ ಎಳೆದುಕೊಂಡು ಹೋಗುವಾಗಿನ ಡ್ರ್ಯಾಗ್ ಸೇರಿಸಿ, ಸುಮ್ನೆ ಇರಲಿ ಎಂದು 10 ಕಿಲೋ ಹಿಡಿದೆ. ಕೇಬಲ್ಲನ್ನು ದೋಣಿಯಿಂದ ಆಚೆಗೆ ಚಾಚುವ ತೋಳು, ಬೂಮ್, ಪೂರ್ತಿ ಎಳೆದರೆ 60 ಇಂಚು, ಒಂದೂವರೆ ಮೀಟರ್. ಬೇಸ್‌ಗೆ ಬರುವುದು 15 ಕೆಜಿ-ಮೀಟರ್ ಟಾರ್ಕ್. ನಾಲ್ಕು ಎಂ8 (8 ಎಂಎಂ) ಬೋಲ್ಟ್‌ಗೆ ಅದು ಯಾವ ಲೆಕ್ಕ? ಗನಲ್‌ನ, ಅಂದರೆ ದೋಣಿಯ ಬದಿಯ ಮೇಲಂಚಿನ, ಕೆಳಗೆ ಲೈನರ್ (ಒಳಹೊದಿಕೆ) ಬೇರೆ ಮುಚ್ಚಿತ್ತು. ಬೋಲ್ಟ್‌ನ ಎಳೆತವನ್ನು ಅಗಲಕ್ಕೆ ಹರಡುವ ಬ್ಯಾಕಿಂಗ್ ಪ್ಲೇಟ್ ಕೂರಿಸಬೇಕಾದರೆ ಲೈನರ್ ಕೊಯ್ಯಬೇಕು. ರಾಡ್ ಹೋಲ್ಡರ್ ತೂತಿನಿಂದ ಕೈ ಹಾಕಿದರೆ ವಾಷರ್ ಮತ್ತು ನೈಲಾಕ್ ನಟ್ ಹೇಗೋ ತೊಡಿಸಬಹುದಿತ್ತು. ಅಷ್ಟು ಸಾಕು ಎಂದೆ. ಡ್ರಾಯಿಂಗ್‌ಗೆ ಸಹಿ ಹಾಕಿದೆ.

ನಮ್ಮ ಫೈಬರ್ ಮೇಸ್ತ್ರಿ ಡ್ರಾಯಿಂಗ್ ನೋಡುವುದು ಕಡಿಮೆ. ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ಗನಲ್ ಮೇಲೆ ಉದ್ದಕ್ಕೂ ಟಕ್ ಟಕ್ ಎಂದು ಬಡಿಯುತ್ತಾ ಹೋದರು. ಒಂದು ಕಡೆ ಸದ್ದು ಮಂದವಾಯಿತು, ಒಳಗೆ ಏನೋ ಸರಿಯಿಲ್ಲ ಎಂದು ಅರ್ಥ. ಅಲ್ಲಿಗೆ ಪೆನ್ಸಿಲ್‌ನಿಂದ ಒಂದು ಸುತ್ತು ಹಾಕಿದರು. ಆಮೇಲೆ ಕೇಳಿದರು, "ಸಾರ್, ಈ ಗುಂಡು ಕೆಳಗೆ ಬಂಡೆಗೆ ಸಿಕ್ಕಾಕ್ಕೊಂಡ್ರೆ?"

"ಕ್ಲಚ್ ಇದೆ ಮೇಸ್ತ್ರಿ. ಎಳೆತ ಜಾಸ್ತಿ ಆದ್ರೆ ಜಾರಿ ಕೇಬಲ್ ಬಿಡುತ್ತೆ."

"ಕ್ಲಚ್‌ನ ಟೈಟ್ ಮಾಡೋದು ಯಾರು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಉತ್ತರ ಇಲ್ಲ ಎಂದು ಒಪ್ಪಿಕೊಳ್ಳುವ ಮನಸ್ಸೂ ಇರಲಿಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದರು. "ನಾಲ್ಕೂವರೆ ಕಿಲೋಗೆ ಇಷ್ಟೊಂದು ನಾಟಕ ಯಾಕ್ರೀ? ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತೆ, ಗಿರಾಕಿಗೆ ಆಗಸ್ಟ್ ಮೊದಲ ವಾರ ದೋಣಿ ಬೇಕು." ಲಾರಿ ಬುಕ್ ಆಗಿತ್ತು. ಎಡಗಡೆಯದು ಡ್ರಾಯಿಂಗ್ ಪ್ರಕಾರವೇ ಕೂತಿತು. ಸೀಲೆಂಟ್ ಹಾಕಿ, ನಟ್ ಬಿಗಿದು, ಒರೆಸಿದ್ದಾಯಿತು. ನೋಡಲು ಚೆನ್ನಾಗಿಯೇ ಇತ್ತು.

ರಾತ್ರಿ ಊಟಕ್ಕೆ ಕೂತಾಗ ಆ ಪ್ರಶ್ನೆ ಬಿಡಲಿಲ್ಲ. ಕ್ಲಚ್ ಬಿಗಿಯಾಗಿದ್ದು ಬಾಲ್ ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡರೆ ದೋಣಿ ನಿಲ್ಲುವುದಿಲ್ಲ, ಎಂಜಿನ್ ಎಳೆಯುತ್ತಲೇ ಇರುತ್ತದೆ, ಕೇಬಲ್ ಕಡಿಯುವವರೆಗೂ ಎಳೆಯುತ್ತದೆ. ಆ ಕೇಬಲ್ 150 ಪೌಂಡ್ ಎಳೆತಕ್ಕೆ ಕಡಿಯುವಂಥದ್ದು. 68 ಕಿಲೋ. ಒಂದೂವರೆ ಮೀಟರ್‌ಗೆ ಗುಣಿಸಿದರೆ 102 ಕೆಜಿ-ಮೀಟರ್. ನಾನು ಹಿಡಿದಿದ್ದು 15! ಬೇಸ್‌ನ ಬೋಲ್ಟ್‌ಗಳ ನಡುವೆ ಅಂತರ ಬರೀ 10 ಸೆಂಟಿಮೀಟರ್. ಅಂದರೆ ಮೇಲಕ್ಕೆ ಎಳೆಸಿಕೊಳ್ಳುವ ಎರಡು ಬೋಲ್ಟ್‌ಗೆ ತಲಾ ಅರ್ಧ ಟನ್. ಎಂ8 ಬೋಲ್ಟ್ ಅದನ್ನು ತಡೆಯುತ್ತದೆ. ಅದರ ಕೆಳಗಿನ ಎರಡು ರೂಪಾಯಿ ನಾಣ್ಯದಷ್ಟು ಅಗಲದ ವಾಷರ್, ಅದರ ಮೇಲಿನ ಫೈಬರ್, ಫೈಬರ್ ನಡುವಿನ ಪ್ಲೈವುಡ್, ಅವು ತಡೆಯಬೇಕಲ್ಲ. ಕೇಬಲ್ ಕಡಿದರೆ ಒಂದು ಬಾಲ್ ಹೋಯಿತು, ಅಷ್ಟೇ. ಬೇಸ್ ಕಿತ್ತರೆ ಗನಲ್ ಬಾಯಿ ಬಿಡುತ್ತದೆ, ಬೂಮ್ ಹಾರಿ ಯಾರ ತಲೆಗೆ ಬೇಕಾದರೂ ಬಡಿಯಬಹುದು. ಮೊದಲು ಸೋಲಬೇಕಾದದ್ದು ಕೇಬಲ್, ಬೇಸ್ ಅಲ್ಲ. ಈ ಒಂದು ಮಾತು ಡ್ರಾಯಿಂಗ್‌ನ ತಲೆಯ ಮೇಲೆ ಬರೆದಿರಬೇಕಿತ್ತು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಬರುವ ಮುಂಚೆ ಟೆಸ್ಟ್ ಮಾಡೋಣ ಎಂದು ಮೇಸ್ತ್ರಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ, ಹೆಲ್ಪರ್ ಹುಡುಗನಿಗೆ ಚೈನ್ ಬ್ಲಾಕ್ ತರಲು ಕೂಗಿದರು. ಗಿರಾಕಿಯ ಬೂಮ್ ಮುರಿದರೆ ದುಡ್ಡು ಕೊಡುವವರು ಯಾರು? ಅದಕ್ಕೆ ಅದೇ ಹೋಲ್ ಪ್ಯಾಟರ್ನ್‌ಗೆ ಒಂದು ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್, ಅದಕ್ಕೆ ಒಂದೂವರೆ ಮೀಟರ್ ಬಾಕ್ಸ್ ಪೈಪ್ ವೆಲ್ಡ್ ಮಾಡಿಸಿದೆ. ದೋಣಿಯನ್ನು ಆಚೆ ಬದಿಯಿಂದ ಬೆಲ್ಟ್ ಹಾಕಿ ಬಿಗಿದೆವು. ಪಕ್ಕದ ಗುಜರಿ ಅಂಗಡಿಯಿಂದ ನೇತುಹಾಕುವ ಡಿಜಿಟಲ್ ತಕ್ಕಡಿ ತಂದೆವು. ಪೈಪ್ ತುದಿಗೆ ತಕ್ಕಡಿ, ತಕ್ಕಡಿಗೆ ಚೈನ್ ಬ್ಲಾಕ್, ಚೈನ್ ಬ್ಲಾಕ್ ನೆಲದ ಹುಕ್‌ಗೆ.

ತಕ್ಕಡಿಯಲ್ಲಿ 15 ಕಿಲೋಗೆ ಏನೂ ಇಲ್ಲ. 20, ಏನೂ ಇಲ್ಲ. ಹುಡುಗ ನನ್ನ ಮುಖ ನೋಡಿದ. 25ಕ್ಕೆ ಗನಲ್ ಮೇಲಿನ ಟ್ಯೂಬ್‌ಲೈಟ್ ಪ್ರತಿಬಿಂಬ ಸ್ವಲ್ಪ ಬಾಗಿದ ಹಾಗೆ ಕಂಡಿತು, ಅಥವಾ ನನ್ನ ಕಣ್ಣಿಗೇ ಹಾಗನ್ನಿಸಿತೋ. 30ರ ಹತ್ತಿರ ಬೇಸ್‌ನ ಹಿಂದಿನ ಅಂಚಿನಿಂದ ಸೀಲೆಂಟ್ ಬಿಳಿ ಗೆರೆಯಾಗಿ ಬಿಟ್ಟುಕೊಂಡಿತು. "ನಿಲ್ಸ್ಲಾ ಸಾರ್?" ಎಂದ ಹುಡುಗ. ಇನ್ನೊಂದು ಹಲ್ಲು ಎಳೆ ಎಂದೆ. ಚೈನ್‌ನ ಕಟಕಟ ಸದ್ದು ಬಿಟ್ಟರೆ ಶೆಡ್‌ನಲ್ಲಿ ಬೇರೆ ಸದ್ದಿಲ್ಲ, ಗ್ರೈಂಡರ್ ಹಿಡಿದವರೂ ಗ್ರೈಂಡರ್ ಆಫ್ ಮಾಡಿ ಬಂದು ನಿಂತಿದ್ದರು. 38. 40. ಟಪ್. ಚಿಕ್ಕ ಸದ್ದೇ. ಫೈಬರ್‌ನ ಮೇಲಿನ ಹೊಳೆಯುವ ಪದರ, ಜೆಲ್‌ಕೋಟ್, ಅದರ ಮೇಲೆ ಬೋಲ್ಟ್‌ನಿಂದ ನಾಲ್ಕು ದಿಕ್ಕಿಗೆ ಕೂದಲೆಳೆ ಬಿರುಕು. ಒಳಗೆ ಕೈ ಹಾಕಿ ನೋಡಿದರೆ ವಾಷರ್ ಫೈಬರ್‌ನೊಳಗೆ ಇಳಿದು ಕೂತಿತ್ತು. ಮೇಸ್ತ್ರಿ ಪೆನ್ಸಿಲ್‌ನಿಂದ ಸುತ್ತಿದ್ದ ಜಾಗದ ಪಕ್ಕದಲ್ಲೇ.

ಮ್ಯಾನೇಜರ್ ಬಂದರು, ನೋಡಿದರು, ಮೊದಲು ಕೇಳಿದ್ದು "ಟೆಸ್ಟ್ ಮಾಡೋಕೆ ಯಾರು ಹೇಳಿದ್ರು?" ಎರಡನೆಯದು, "ಲಾರಿಯವರಿಗೆ ಯಾರು ಹೇಳ್ತೀರಿ?"

ಆಮೇಲಿನದ್ದು ಬರೀ ಕೆಲಸ. ಎರಡೂ ಬದಿ ಲೈನರ್ ಕೊಯ್ದು ಕಿಂಡಿ ಮಾಡಿದೆವು. ಹಳೆಯ ನಟ್ ಒಂದು ಜಾಮ್ ಆಗಿ ತಿರುಗಲೇ ಇಲ್ಲ. ಎಸ್‌ಎಸ್‌ಗೆ ಎಸ್‌ಎಸ್ ಒಣಗಿದ್ದಾಗ ಬಿಗಿದರೆ ಹಾಗೇ, ಆಂಟಿ ಸೀಜ್ ಪೇಸ್ಟ್ ಹಚ್ಚಿ ಎಂದು ಎಷ್ಟು ಸಲ ಹೇಳುವುದು? ತೂತುಗಳನ್ನು ದೊಡ್ಡದು ಮಾಡಿ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಎಂಟರ ತೂತು. ಹೀಗೆ ಮಾಡಿದರೆ ನೀರು ಇಳಿದರೂ ಪ್ಲೈಗೆ ಮುಟ್ಟುವುದಿಲ್ಲ, ಬಿಗಿದಾಗ ಪ್ಲೈ ಅಪ್ಪಚ್ಚಿಯೂ ಆಗುವುದಿಲ್ಲ. ತೂತಿನ ಬಾಯಿಗೆ ಕೌಂಟರ್‌ಸಿಂಕ್ ಬಿಟ್ ತಾಗಿಸಿ ಅಂಚು ಇಳಿಸಿದೆವು, ಜೆಲ್‌ಕೋಟ್ ಬಿರಿಯದಂತೆ. ಕೆಳಗೆ 12 ಎಂಎಂ ಫೈಬರ್ ಶೀಟ್‌ನ ಬ್ಯಾಕಿಂಗ್ ಪ್ಲೇಟ್, ಬೇಸ್‌ಗಿಂತ ಎರಡು ಪಟ್ಟು ಅಗಲ. ಅಲ್ಯೂಮಿನಿಯಂ ಹಾಕೋಣ ಎಂದರು ಸ್ಟೋರ್ಸ್‌ನವರು, ಅವರ ಹತ್ತಿರ ತುಂಡು ಬಿದ್ದಿತ್ತು. ಉಪ್ಪು ನೀರಿನಲ್ಲಿ ಎಸ್‌ಎಸ್ ಬೋಲ್ಟ್ ಜೊತೆ ಅಲ್ಯೂಮಿನಿಯಂ ಇಟ್ಟರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಬೇಡ ಎಂದೆ. ಅಂಟಿಕೊಂಡರೆ ಬಿಡದ ಸೀಲೆಂಟ್ ಬೇಡ ಎಂದರು ಮೇಸ್ತ್ರಿ. "ನಾಳೆ ಬಿಚ್ಚೋದೂ ನಾವೇ ಸಾರ್." ಈ ಸಲ ಅವರ ಮಾತಿಗೆ ನಾನು ತಕರಾರು ತೆಗೆಯಲಿಲ್ಲ. 70 ಕಿಲೋಗೆ ಎಳೆದು ಹಾಗೇ ಬಿಟ್ಟು ಟೀ ಕುಡಿದು ಬಂದೆವು. ಒಂದು ಗೆರೆ ಬಿದ್ದಿರಲಿಲ್ಲ.

ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಬ್ಯಾಟರಿಯಿಂದ 2.5 ಸ್ಕ್ವೇರ್ (ಚದರ ಎಂಎಂ) ವೈರ್ ಎಳೆದು ಮುಗಿಸಿದ್ದ. ಮನೆಯ ಪವರ್ ಪಾಯಿಂಟ್‌ಗೆ ಸಾಕು, ನಿಜ. ಇಲ್ಲಿರುವುದು 12 ವೋಲ್ಟ್. ಹೋಗಿ ಬರುವ ದಾರಿ 12 ಮೀಟರ್, 20 ಆಂಪಿಯರ್ ಎಳೆದರೆ ಒಂದೂವರೆ ವೋಲ್ಟ್‌ಗೂ ಜಾಸ್ತಿ ದಾರಿಯಲ್ಲೇ ಖಾಲಿ. ಮೋಟಾರ್ ಮುಲುಗುತ್ತದೆ. ಅದನ್ನೂ ಕಿತ್ತು 10 ಸ್ಕ್ವೇರ್ ಟಿನ್ ಕೋಟೆಡ್ ಹಾಕಿಸಿದೆ, ಬ್ರೇಕರ್ ಬ್ಯಾಟರಿ ಪಕ್ಕಕ್ಕೆ. ಅವನು ಈಗಲೂ ನನ್ನ ಜೊತೆ ಮಾತಾಡುವುದಿಲ್ಲ.

ಲಾರಿ ತಡವಾಗಿ ಹೊರಟಿತು, ವೇಟಿಂಗ್ ಚಾರ್ಜ್ ನನ್ನ ಡಿಪಾರ್ಟ್‌ಮೆಂಟ್ ತಲೆಗೆ ಬಂತು. ಗಿರಾಕಿ ಡೆಲಿವರಿಗೆ ಮುಂಚೆ ಒಂದು ಸಲ ಬಂದು ನೋಡಿದರು. ಬೋಲ್ಟ್, ಬೇಸ್ ಯಾವುದನ್ನೂ ಕೇಳಲಿಲ್ಲ. ಲೈನರ್‌ನ ಕಿಂಡಿಗೆ ನಾವು ಹಾಕಿದ ಮುಚ್ಚಳ ತೆಗೆದು ಬಗ್ಗಿ ನೋಡಿ, "ಇದು ಒಳ್ಳೇದಾಯ್ತು ಮಾರಾಯ್ರೆ, ಲೈಫ್ ಜಾಕೆಟ್ ಇಡ್ಲಿಕ್ಕೆ ಆಗ್ತದೆ" ಎಂದರು. ಮುಂದಿನ ಕೊಟೇಶನ್‌ನಲ್ಲಿ ಸೇಲ್ಸ್‌ನವರು ಆ ಕಿಂಡಿಯನ್ನು 'ಎಕ್ಸ್‌ಟ್ರಾ ಸ್ಟೋರೇಜ್' ಎಂದು ಬರೆದು ಬೇರೆ ದುಡ್ಡು ಹಾಕಿದ್ದಾರೆ. ಡೌನ್‌ರಿಗ್ಗರ್ ಫಿಟ್ಟಿಂಗ್ ಮಾತ್ರ ಇನ್ನೂ ಅರ್ಧ ದಿನವೇ.