ಯಾವ ಮನೆ ಬಿಡ್ತೀಯಾ ಹೇಳು

"ಸರಿ ಕಣಪ್ಪ, ಅಂಗಡಿಯಿಂದಲೇ ತಂದ್ಬಿಡು. ಆದ್ರೆ ಯಾವ ಮನೆ ಬಿಡ್ತೀಯಾ ಹೇಳು."

ಅತ್ತೆ ಹೇಳಿದ್ದು ಇಷ್ಟೇ. ಭಾನುವಾರದ ಪೂಜೆ ಮುಗಿಸಿ ಬಂದು, ತಿಂಡಿ ತಿಂದು, ನಮ್ಮವರು ಮೊಬೈಲಿನಲ್ಲಿ ಕ್ರಿಸ್ಮಸ್ ತಿಂಡಿಯ ಲೆಕ್ಕ ಹಾಕುತ್ತಾ ಕೂತಿದ್ದರು. ಅತ್ತೆ ಆ ಮಾತು ಹೇಳಿ ಅಕ್ಕಿ ತೊಳೆಯೋಕೆ ಎದ್ದು ಹೋದರು. ನಮ್ಮವರು ಉತ್ತರ ಕೊಡಲಿಲ್ಲ. ನನಗಂತೂ ಆ ಮಾತು ಈ ವಾರವಿಡೀ ತಲೆಯಲ್ಲೇ ಇದೆ. ಹೊಲಿಗೆ ಮೆಷಿನ್ ಮುಂದೆ ಕೂತರೂ ಅದೇ, ರಾತ್ರಿ ಎಣ್ಣೆ ಬಾಣಲೆ ಮುಂದೆ ನಿಂತರೂ ಅದೇ.

ಈ ವರ್ಷ ಕೈ ಬಿಗಿ. ಮಗಳ ಪಿಯು ಫೀಸು, ಅತ್ತೆಯ ಕಣ್ಣಿನ ಆಪರೇಷನ್ನು, ಬಾಡಿಗೆ ಬೇರೆ ಜಾಸ್ತಿ ಆಯ್ತು. ಕ್ರಿಸ್ಮಸ್ ತಿಂಡಿಗೆ 1,500 ರೂಪಾಯಿ, ಅದರ ಮೇಲೆ ಹೋಗೋದು ಬೇಡ ಅಂತ ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಆ ದುಡ್ಡಿಗೆ ಮನೆಯಲ್ಲಿ ಮಾಡೋದಾ, ಅಂಗಡಿಯಿಂದ ತರೋದಾ ಅನ್ನೋದೇ ಅವತ್ತಿನ ಚರ್ಚೆ.

ನಮ್ಮವರ ಮಾತಲ್ಲಿ ಅರ್ಥ ಇರಲಿಲ್ಲ ಅಂತ ಹೇಳಲ್ಲ. ನಂದಿನಿ ತುಪ್ಪ ಲೀಟರಿಗೆ 700 ಆಗಿದೆ. ಡಿಸೆಂಬರ್ ಬಂತು ಅಂದ್ರೆ ಮೊಟ್ಟೆ ರೇಟು ಏರೋದು ಪ್ರತಿ ವರ್ಷ ಇದ್ದದ್ದೇ, ಚಳಿಗೂ ಕೇಕಿಗೂ ಒಟ್ಟಿಗೆ ಬೇಡಿಕೆ. ತೆಂಗಿನಕಾಯಿ ಮುಟ್ಟೋ ಹಾಗಿಲ್ಲ. ಅತ್ತ ಕೇಕು, ಬಿಸ್ಕತ್ತಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18ರ ಬದಲು 5 ಪರ್ಸೆಂಟ್ ಆಗಿದೆ. "ಈ ಸಲ ಅಂಗಡೀದೇ ವಾಸಿ ಕಣೇ. ನೀನು ಆ ಹೊತ್ತಲ್ಲಿ ನಾಲ್ಕು ಬ್ಲೌಸ್ ಹೊಲಿದ್ರೆ ಅದೇ ದುಡ್ಡಿಗೆ ಪ್ಯಾಕೆಟ್ ಬರುತ್ತೆ" ಅಂದರು. ಅವರು ಜಿಪುಣರಲ್ಲ. ನಾನು ಹಬ್ಬದ ಹಿಂದಿನ ದಿನದವರೆಗೂ ಬೇರೆಯವರ ಬಟ್ಟೆ ಹೊಲಿದು, ಮತ್ತೆ ರಾತ್ರಿ ಒಲೆ ಮುಂದೆ ನಿಲ್ಲೋದನ್ನ ನೋಡೋಕಾಗದೆ ಹೇಳಿದ ಮಾತು ಅದು.

ಆದರೆ ಅತ್ತೆ ಕೇಳಿದ್ದು ಬೇರೆ ಲೆಕ್ಕ. ನಮ್ಮ ಮನೆಯಿಂದ ಕ್ರಿಸ್ಮಸ್ಸಿಗೆ 22 ಮನೆಗೆ ತಟ್ಟೆ ಹೋಗುತ್ತೆ. ಒಂದು ತಟ್ಟೆಗೆ ಹೆಚ್ಚುಕಮ್ಮಿ 300 ಗ್ರಾಂ ತಿಂಡಿ ಹಿಡಿಯುತ್ತೆ ಅಂದ್ರೂ ಆರೂವರೆ ಕೆಜಿ ದಾಟುತ್ತೆ. ಅಂಗಡಿಯಲ್ಲಿ ಕಲ್‌ಕಲ್ (ಮೈದಾ ಹಿಟ್ಟಿನ ಪುಟ್ಟ ಸಿಹಿ ಸುರುಳಿ), ರೋಸ್ ಕುಕೀಸ್ (ಹೂವಿನ ಅಚ್ಚಲ್ಲಿ ಕರಿದ ತಿಂಡಿ), ಚಕ್ಕುಲಿ ಎಲ್ಲ ಸೇರಿ ಸರಾಸರಿ ಕೆಜಿಗೆ 480 ಅಂತ ಇಟ್ಟುಕೊಂಡರೆ 3,000 ಮೇಲೆ. ನಮ್ಮ ಹತ್ತಿರ ಇರೋ 1,500ಕ್ಕೆ ಬರೋದು ಹತ್ತು ತಟ್ಟೆ. ಅದೂ ನಮ್ಮ ಮನೆಗೆ ಒಂದು ಚೂರೂ ಇಟ್ಟುಕೊಳ್ಳದೆ. ಉಳಿದ 12 ಮನೆ?

ಯಾವ ಮನೆ ಬಿಡ್ತೀಯಾ ಹೇಳು.

ನಾನು ಮನಸ್ಸಲ್ಲೇ ಬೀದಿಯ ಒಂದು ತುದಿಯಿಂದ ಹೊರಟೆ. ನಮ್ಮದು ಮೈಸೂರಿನ ಬನ್ನಿಮಂಟಪದ ಕಡೆ, ಹಳೇ ವಠಾರದಂಥ ಬೀದಿ. ಮೊದಲನೇ ಮನೆಯವರು ದಸರಾದಲ್ಲಿ ಬೊಂಬೆ ಕೂರಿಸುತ್ತಾರೆ. ನನ್ನ ಮಕ್ಕಳು ಒಂಬತ್ತು ದಿನವೂ ಅಲ್ಲಿ ಬೊಂಬೆ ಬಾಗಿನ ತಿಂದು ಬೆಳೆದವರು. ಬಿಡೋಕಾಗುತ್ತಾ? ಅದರ ಪಕ್ಕದವರು ರಂಜಾನಿಗೆ ದೊಡ್ಡ ಟಿಫಿನ್ ಡಬ್ಬಿಯಲ್ಲಿ ಶೀರ್ ಖುರ್ಮಾ ಕಳಿಸುತ್ತಾರೆ, ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಅಂತ ಒಂದು ಸಣ್ಣ ಲೋಟದಲ್ಲಿ ಸಪ್ಪೆಯದು ಬೇರೆ. ಅವರನ್ನ ಬಿಡೋದಾ? ಕ್ರಿಸ್ಮಸ್ ಆಗಿ ಮೂರು ವಾರಕ್ಕೆ ಸಂಕ್ರಾಂತಿ. ಎಳ್ಳು ಬೆಲ್ಲ, ಕಬ್ಬಿನ ತುಂಡು, ಸಕ್ಕರೆ ಅಚ್ಚು ಹಿಡಿದು ಬೀದಿಯ ಹೆಣ್ಣುಮಕ್ಕಳೆಲ್ಲ ನಮ್ಮ ಮನೆ ಬಾಗಿಲಿಗೂ ಬರುತ್ತಾರೆ. ಅವರ ಮನೆಯಲ್ಲಿ ನಮ್ಮನ್ನು ಬಿಟ್ಟಿಲ್ಲ ಅಲ್ವಾ? ಅಲ್ಲೂ ಫೀಸು ಕಟ್ಟಬೇಕು, ಅಲ್ಲೂ ಆಸ್ಪತ್ರೆ ಖರ್ಚು ಇದೆ.

ಎದುರುಮನೆ ಅಜ್ಜಿಯ ವಿಷಯ ಹೇಳಲೇಬೇಕು. ಮೊಟ್ಟೆ ಸೋಂಕಿದ್ದನ್ನೂ ಮುಟ್ಟದವರು. ಅವರಿಗೆ ಹೋಗೋ ಕಲ್‌ಕಲ್ಲಿಗೆ ಅತ್ತೆ ಮೊಟ್ಟೆ ಹಾಕಲ್ಲ, ತೆಂಗಿನ ಹಾಲು, ತುಪ್ಪದಲ್ಲೇ ಹಿಟ್ಟು ಕಲಸುತ್ತಾರೆ. ಹೊಸ ಎಣ್ಣೆ ಸುರಿದು ಮೊದಲು ಅದನ್ನೇ ಕರಿಯೋದು. ಚಕ್ಕುಲಿ, ನಿಪ್ಪಟ್ಟು ಆಮೇಲೆ. ಮೊಟ್ಟೆ ಬೀಳೋ ರೋಸ್ ಕುಕೀಸ್ ಎಲ್ಲಕ್ಕಿಂತ ಕೊನೆಗೆ, ಬೇರೆ ದಿನ, ಬೇರೆ ಬಾಣಲೆ. ಡಬ್ಬಿಯೂ ಬೇರೆ. ಹೋದ ವರ್ಷ ತಟ್ಟೆ ಕೊಟ್ಟಾಗ ಅಜ್ಜಿಯ ಸೊಸೆ ಸ್ವಲ್ಪ ಅನುಮಾನದಿಂದ ನೋಡಿದಳು. ಅಜ್ಜಿ ಅಲ್ಲೇ ಒಂದು ಕಲ್‌ಕಲ್ ತೆಗೆದು ಬಾಯಿಗೆ ಹಾಕಿಕೊಂಡು, "ಅವಳು ಹಾಕಿಲ್ಲ ಅಂದಮೇಲೆ ಹಾಕಿಲ್ಲ ಕಣೇ" ಅಂದರು. ಅಂಗಡಿ ಪ್ಯಾಕೆಟ್ ಹಿಡಿದುಕೊಂಡು ಹೋಗಿ ನಾನು ಆ ಮಾತು ಕೊಡೋಕೆ ಆಗುತ್ತಾ? ಯಾವ ಬಾಣಲೆಯಲ್ಲಿ ಏನು ಕರಿದರೋ ನನಗೇನು ಗೊತ್ತು?

ಇನ್ನೊಂದು ಮನೆ ಇದೆ. ಗಾಡಿ ನಿಲ್ಲಿಸೋ ಜಾಗಕ್ಕೆ ನಮ್ಮ ಜೊತೆ ಜಗಳ ಆಡಿ ವರ್ಷ ಆಯ್ತು, ಮಾತಿಲ್ಲ. ಬಿಡೋದಾದ್ರೆ ಇದೊಂದನ್ನ ಬಿಡಬಹುದು ಅಂದುಕೊಂಡೆ, ಅತ್ತೆಗೆ ಹೇಳಿಯೂಬಿಟ್ಟೆ. ಅವರಿಗೆ ಸಿಟ್ಟು ಬಂತು. "ಅವ್ರ ಮನೆಗೆ ಮೊದಲು ಕೊಡು. ಜಗಳ ಆಡಿದ್ದು ಗಂಡಸರು, ಆ ಮನೇಲಿ ಮಕ್ಕಳಿಲ್ವಾ?" ಅಂದರು. ನಮ್ಮ ಅತ್ತೆ ಹುಟ್ಟಿದ್ದು ಕೆ.ಆರ್. ನಗರದ ಕಡೆ ದೋರನಹಳ್ಳಿಯಲ್ಲಿ. ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಅಲ್ಲಿಗೆ ಯಾವ ಜಾತಿ, ಯಾವ ಧರ್ಮದವರು ಬರಲ್ಲ ಹೇಳಿ? ಬಂದವರಿಗೆಲ್ಲ ಊಟ ಹಾಕೋ ಊರಲ್ಲಿ ಬೆಳೆದವರು ಅವರು. ಯಾರನ್ನಾದರೂ ಬಿಡೋದು ಅನ್ನೋದು ಅವರ ತಲೆಗೇ ಹೋಗಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅವರಷ್ಟು ದೊಡ್ಡ ಮನಸ್ಸಿನವರನ್ನ ನಾನು ಓದಿದವರಲ್ಲಿ ಕಂಡಿದ್ದು ಕಮ್ಮಿ.

ಹಾಗಾಗಿ ಸೋಮವಾರ ಸಂತೆಪೇಟೆಗೆ ಹೋದೆವು. ಎಲ್ಲದರ ಚೀಟಿ ಇಟ್ಟುಕೊಂಡಿದ್ದೇನೆ. ಕಲ್‌ಕಲ್ಲಿಗೆ ಎರಡು ಕೆಜಿ ಮೈದಾ 90, ಒಂದೂವರೆ ಕೆಜಿ ಸಕ್ಕರೆ 68, ಎರಡು ತೆಂಗಿನಕಾಯಿ 90, ನೂರು ಎಂಎಲ್ ತುಪ್ಪ 70, ಕರಿಯುವಾಗ ಹಿಟ್ಟು ಕುಡಿಯೋ ಎಣ್ಣೆ 75 ಅಂದುಕೊಳ್ಳಿ. 393 ರೂಪಾಯಿಗೆ ಮೂರೂವರೆ ಕೆಜಿ ಬರುತ್ತೆ. ಅಂಗಡಿಯಲ್ಲಿ ಅರ್ಧ ಕೆಜಿ ಪ್ಯಾಕೆಟ್ಟೇ 250. ಆ 393ರ ಜೊತೆ ಚಕ್ಕುಲಿ, ನಿಪ್ಪಟ್ಟು, ರೋಸ್ ಕುಕೀಸ್, ಮಿಲ್ಲಿನಲ್ಲಿ ಅಕ್ಕಿ ಬೀಸಿದ ಕೂಲಿ ಎಲ್ಲ ಸೇರಿ ಒಟ್ಟು 1,090 ಆಯ್ತು. ಗ್ಯಾಸಿಗೆ ಅಂತ ನಮ್ಮವರು 100 ಸೇರಿಸಿದರು. ಕರ್ಜಿಕಾಯಿ ಈ ವರ್ಷ ಇಲ್ಲ. ಕೊಬ್ಬರಿ ಬೆಲೆ ಕೇಳಿ ಅತ್ತೆಯೇ ಬೇಡ ಅಂದರು.

ಕೇಕ್ ಮಾತ್ರ ಬೇಕರಿಯದು. ಇದನ್ನ ನಾನು ಒಪ್ಪಿಕೊಂಡೇ ಹೇಳುತ್ತೇನೆ, ಕಮ್ಮಿ ದುಡ್ಡಿನ ಮನೆಗೆ ಪ್ಲಮ್ ಕೇಕ್ ಮನೆಯಲ್ಲಿ ಮಾಡೋದು ಲಾಭವಲ್ಲ. ಬೆಣ್ಣೆ, ಗೋಡಂಬಿ, ಒಣದ್ರಾಕ್ಷಿ, ಮೊಟ್ಟೆ ಅಂತ ಹೊರಟರೆ ಒಂದು ಕೆಜಿಗೆ ಬೇಕರಿಯಷ್ಟೇ ಬೀಳುತ್ತೆ, ಕೆಲವು ಸಲ ಜಾಸ್ತಿ. ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನಲ್ಲಿ ಉಪ್ಪು ಹರಡಿ, ಗ್ಯಾಸ್ಕೆಟ್ ತೆಗೆದು ಬೇಯಿಸಬಹುದು, ಆದರೆ ಗ್ಯಾಸ್ ತಿನ್ನುತ್ತೆ. ಬೇಕರಿಯ ಅಗ್ಗದ ಕೇಕಿನಲ್ಲಿ ಹಣ್ಣು ಅಂತ ಇರೋದು ಬಹುಪಾಲು ಟೂಟಿ ಫ್ರೂಟಿ, ಅಂದರೆ ಸಕ್ಕರೆ ಪಾಕ, ಬಣ್ಣ ಕುಡಿದ ಪಪ್ಪಾಯಿಕಾಯಿ. ಇರಲಿ, ಮಕ್ಕಳಿಗೆ ಅದೇ ಇಷ್ಟ. ಅರ್ಧ ಕೆಜಿ 300ಕ್ಕೆ ಹೇಳಿಟ್ಟು ಬಂದೆವು. ನಮ್ಮ ಅಮ್ಮನ ಕಾಲದಲ್ಲಿ ಲಷ್ಕರ್ ಮೊಹಲ್ಲಾದಲ್ಲಿ ಮನೆಯಲ್ಲೇ ಹಿಟ್ಟು ಕಲಸಿ ಬೇಕರಿ ಒಲೆಗೆ ಟ್ರೇ ಕೊಟ್ಟು ಬರುತ್ತಿದ್ದರು. ಟ್ರೇ ಅದಲುಬದಲಾಗಬಾರದು ಅಂತ ಅಂಚಿನ ಮೇಲೆ ಮೊಳೆಯಲ್ಲಿ ಅಕ್ಷರ ಗೀಚಿರುತ್ತಿತ್ತು. ಬೇಕರಿಯವರು ಬೆಂಕಿಗೆ ಅಂತ ಒಂದಿಷ್ಟು ಕಾಸು ತಗೊಳ್ಳೋರು. ಅಂಥ ವ್ಯವಸ್ಥೆ ಈಗ ಇದ್ದಿದ್ದರೆ ನಮ್ಮಂಥವರಿಗೆ ಎಷ್ಟು ಅನುಕೂಲ ಆಗುತ್ತಿತ್ತು!

ಇದರ ಮಧ್ಯೆ ಬೆಂಗಳೂರಿನಿಂದ ನಾದಿನಿ ಒಂದು ಡಬ್ಬಿ ಕಳಿಸಿದ್ದಾಳೆ. ಕೆಂಪು ರಿಬ್ಬನ್, ಒಳಗೆ ಹುಲ್ಲಿನಂಥ ಕಾಗದ, ಅದರ ಮೇಲೆ ನಾಲ್ಕು ಪುಟ್ಟ ಬಾಟಲಿಯಲ್ಲಿ ಬಿಸ್ಕತ್ತು. ಪ್ರೀತಿಯಿಂದಲೇ ಕಳಿಸಿದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಹೇಳ್ತೀನಿ, ಆ ಡಬ್ಬಿಯ ದುಡ್ಡಲ್ಲಿ ನಮ್ಮ ಇಡೀ ಬೀದಿಗೆ ಚಕ್ಕುಲಿ ಕರಿಯಬಹುದಿತ್ತು. ಬಾಕ್ಸ್ ನೋಡಿ ಹಬ್ಬ ಅಳೆಯೋದು ನನಗೆ ಹಿಡಿಸಲ್ಲ.

ಈಗ ನಮ್ಮವರು ಎತ್ತಿದ ಬ್ಲೌಸಿನ ಮಾತಿಗೆ ಬರುತ್ತೇನೆ. 393 ರೂಪಾಯಿಗೆ ಮೂರೂವರೆ ಕೆಜಿ ಅಂದೆನಲ್ಲ, ಆ ಚೀಟಿಯಲ್ಲಿ ಕೈಕೆಲಸದ ಕೂಲಿ ಇಲ್ಲ. ಒಂದು ಕಲ್‌ಕಲ್ ಅಂದರೆ ಹಿಟ್ಟಿನಿಂದ ಕಡಲೆಕಾಳಿನಷ್ಟು ಚಿವುಟಬೇಕು. ಹೊಸ ಬಾಚಣಿಗೆ, ಅದನ್ನ ಇದಕ್ಕೇ ಅಂತ ಡಬ್ಬಿಯಲ್ಲಿ ಎತ್ತಿಟ್ಟಿರುತ್ತೇವೆ. ಅದರ ಹಲ್ಲಿಗೆ ಎಣ್ಣೆ ಸವರಿ, ಉಂಡೆಯನ್ನ ಹೆಬ್ಬೆರಳಲ್ಲಿ ಒತ್ತಿ ತೆಳ್ಳಗೆ ಮಾಡಿ, ಅಲ್ಲಿಂದಲೇ ಸುರುಳಿ ಸುತ್ತಿ ಎಬ್ಬಿಸಬೇಕು. ಗೆರೆ ಹೊರಗೆ ಬರಬೇಕು. ಅಂಚು ಒತ್ತಿ ಮುಚ್ಚದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತೆ. ಮೂರೂವರೆ ಕೆಜಿಗೆ ಇಂಥವು ಎಷ್ಟು ಸಾವಿರವೋ! ರೋಸ್ ಕುಕೀಸಿನದು ಇನ್ನೊಂದು ಕಷ್ಟ. ಅಚ್ಚು ಎಣ್ಣೆಯಲ್ಲೇ ಕಾಯಬೇಕು. ಕಾದ ಅಚ್ಚನ್ನ ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಬೇಕು, ಮೇಲಿನ ಅಂಚು ಮುಳುಗಿದರೆ ಹೂವು ಬಿಡೋದೇ ಇಲ್ಲ. ಅಚ್ಚು ತಣ್ಣಗಾದರೆ ಹಿಟ್ಟೇ ಹಿಡಿಯಲ್ಲ. ಒಲೆ ಬಿಟ್ಟು ಆಚೀಚೆ ಹೋಗೋ ಹಾಗಿಲ್ಲ.

ಇಷ್ಟು ವರ್ಷ ಇದನ್ನ ಮಾಡಿದ್ದು ಅತ್ತೆ ಒಬ್ಬರೇ, ಆಮೇಲೆ ನಾನೂ ಅವರೂ. ಗಂಡಸರು ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟೋರು, ನಕ್ಷತ್ರ ನೇತು ಹಾಕೋರು, ತಿಂಡಿ ರುಚಿ ನೋಡೋರು. ಮನೆಯಲ್ಲೇ ಮಾಡಿದರೆ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಗ್ಗ? ಹೆಂಗಸರು ರಾತ್ರಿ ನಿದ್ದೆಗೆಟ್ಟಿದ್ದಕ್ಕೆ ಯಾರೂ ಬೆಲೆ ಕಟ್ಟಿಲ್ಲ, ಅದಕ್ಕೆ. ಬರೀ ತಿಂಡಿ ಅಂತಲ್ಲ. ಆಟೋ ಬೇಡ ಅಂದರೆ ನಡೆಯೋಳು ಹೆಂಡತಿ, ಕೆಲಸದವರು ಬೇಡ ಅಂದರೆ ಪಾತ್ರೆ ತಿಕ್ಕೋಳು ಹೆಂಡತಿ. ಬಡವರ ಮನೆಯ ಉಳಿತಾಯವೆಲ್ಲ ಹೀಗೆ ಯಾರದೋ ಸೊಂಟದ ಮೇಲೆ ನಿಂತಿರುತ್ತೆ. ಇದನ್ನ ನಾನು ಕೋಪದಲ್ಲಿ ಹೇಳುತ್ತಿಲ್ಲ. ಆದರೆ ಹೇಳದೆ ಇರೋಕೂ ಆಗಲ್ಲ.

ಅದಕ್ಕೇ ಸೋಮವಾರ ರಾತ್ರಿ ನಾನು ಒಂದು ಷರತ್ತು ಹಾಕಿದೆ. ಒಂದು ಮನೆಯನ್ನೂ ಬಿಡೋದು ಬೇಡ, ಆದರೆ ಸುತ್ತೋಕೆ ಎಲ್ಲರೂ ಕೂರಬೇಕು. ಟಿವಿ ಆಫ್. ನಮ್ಮವರು ತಕ್ಷಣ ಚಾಪೆ ಹಾಸಿದರು, ಅವರ ಆ ಗುಣ ನನಗೆ ಇಷ್ಟ. ಹೈಸ್ಕೂಲಿನ ಮಗ ಮಾತ್ರ ಸ್ವಲ್ಪ ಗೊಣಗಿದ. ಅತ್ತೆ ಅವನ ಕೈಗೆ ಬಾಚಣಿಗೆ ಕೊಟ್ಟು, ಅವನ ಹೆಬ್ಬೆರಳ ಮೇಲೆ ತಮ್ಮ ಹೆಬ್ಬೆರಳಿಟ್ಟು ತೋರಿಸಿದರು. ನಮ್ಮವರು ಸುತ್ತಿದ ಮೊದಲ ಸುತ್ತಿನವು ಎಣ್ಣೆಯಲ್ಲಿ ಬಿಚ್ಚಿಕೊಂಡವು. ಅವನ್ನೂ ಪಾಕಕ್ಕೆ ಹಾಕಿ ನಮ್ಮ ಡಬ್ಬಿಗೆ ಹಾಕಿದ್ದೇವೆ. ಸುತ್ತುತ್ತಾ ಸುತ್ತುತ್ತಾ ಅವರು ಅಮ್ಮನ ಮುಖ ನೋಡದೇ ಕೇಳಿದರು, "ಇಷ್ಟನ್ನೂ ನೀನು ಒಬ್ಬಳೇ ಮಾಡ್ತಿದ್ದೆಯಾ ಅಮ್ಮ?" ಅತ್ತೆ, "ಇನ್ಯಾರು ಮಾಡ್ತಿದ್ರು?" ಅಂದರು. ಬೇರೆ ಏನೂ ಹೇಳಲಿಲ್ಲ.

24ರ ರಾತ್ರಿ ಫಿಲೋಮಿನಾ ಚರ್ಚಿನಲ್ಲಿ ಪೂಜೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೇ ಅಡಿಗಲ್ಲು ಹಾಕಿದ ಚರ್ಚು ಅದು. ಗೋದಲಿ ನೋಡೋಕೆ ಊರೆಲ್ಲ ಬರುತ್ತೆ, ನಮ್ಮ ಬೀದಿಯವರೂ ಮಕ್ಕಳನ್ನ ಕರೆದುಕೊಂಡು ಬರುತ್ತಾರೆ. ಬೆಳಗ್ಗೆ ತಟ್ಟೆ ಹಂಚೋದು. ಗಾಡಿ ಜಗಳದ ಮನೆಗೆ ನಾನೇ ಹೋಗುತ್ತೇನೆ ಅಂತ ನಮ್ಮವರು ಹೇಳಿದ್ದಾರೆ.

ಬರೋ ವರ್ಷದ ಮಾತೂ ಆಗಲೇ ಶುರುವಾಗಿದೆ. ಮಗಳು ಪಿಯು ಮುಗಿಸಿ ಡಿಗ್ರಿಗೆ ಹೋಗುತ್ತಾಳೆ, ಖರ್ಚು ಇನ್ನೂ ಏರುತ್ತೆ. ತಟ್ಟೆಯಲ್ಲಿ ಎರಡೇ ಬಗೆ ಇಡೋಣ, ಕಲ್‌ಕಲ್ ಮತ್ತು ಚಕ್ಕುಲಿ, ಎರಡೂ ಅಜ್ಜಿಯೂ ತಿನ್ನುವಂಥದ್ದು ಅಂತ ನಾನು ಹೇಳಿದೆ. ನಮ್ಮವರು ಒಪ್ಪಿದರು. ಅತ್ತೆ ಒಪ್ಪಿಲ್ಲ. ರೋಸ್ ಕುಕೀಸ್ ಬೇಕಾದರೆ ಬಿಡಿ, ನಿಪ್ಪಟ್ಟು ಬಿಡೋಕಾಗಲ್ಲ, ಶೀರ್ ಖುರ್ಮಾ ಕಳಿಸೋ ಮನೆಯ ಯಜಮಾನರಿಗೆ ನಿಪ್ಪಟ್ಟು ಅಂದರೆ ಪ್ರಾಣ ಅಂತ ಅವರ ವಾದ.