ಹಿಟ್ಟಿಂಗ್ ಕೋಚ್ ಅನ್ನುವ ಕೆಲಸ
ರಾತ್ರಿ ಸುಮ್ನೆ ಅಮೆರಿಕದ ಒಕ್ಲಹೋಮ ಯೂನಿವರ್ಸಿಟಿಯ ಹಳೆಯ ಸಾಫ್ಟ್‌ಬಾಲ್ (ಬೇಸ್‌ಬಾಲ್ ಥರದ ಆಟ) ಪಂದ್ಯಗಳನ್ನು ನೋಡುತ್ತಾ ಕೂತಿದ್ದೆ. 2021ರಿಂದ 2024ರವರೆಗೆ ಸತತ ನಾಲ್ಕು ಸಲ ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ) ಚಾಂಪಿಯನ್ ಆದ ಹುಡುಗಿಯರ ತಂಡ ಅದು. ಹೆಡ್ ಕೋಚ್ ಪ್ಯಾಟಿ ಗ್ಯಾಸೊ. ಬ್ಯಾಟಿಂಗ್ ಕಲಿಸಿದ ಹಿಟ್ಟಿಂಗ್ ಕೋಚ್ ಅವರ ಮಗ ಜೆ.ಟಿ. ಗ್ಯಾಸೊ. ಅಮ್ಮನ ತಂಡದಲ್ಲೇ ಮಗ ಕೋಚ್ ಅಂದರೆ ಜನ ಏನಂತಾರೆ ಗೊತ್ತಲ್ವಾ? ಆದರೆ 2021ರ ಒಂದೇ ಸೀಸನ್‌ನಲ್ಲಿ ಈ ತಂಡ ಹೊಡೆದ ಹೋಂ ರನ್‌ಗಳು (ನಮ್ಮ ಕ್ರಿಕೆಟ್‌ನ ಸಿಕ್ಸರ್ ಥರದ ಹೊಡೆತ) 161, ಅದು ಆಗಿನ ರಾಷ್ಟ್ರೀಯ ದಾಖಲೆ.

ನನಗೆ ಈ ಕೆಲಸದ ಮೇಲೆ ತುಂಬಾ ಗೌರವ. ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವಳು, ನಿಲ್ಲುವುದು ಬರೀ 43 ಅಡಿ ದೂರದಲ್ಲಿ, ಚೆಂಡು ಬರುವುದಕ್ಕೆ ಅರ್ಧ ಸೆಕೆಂಡೂ ಬೇಡ, ಅಷ್ಟರಲ್ಲಿ ಹೊಡೆಯಬೇಕೋ ಬಿಡಬೇಕೋ ಅಂತ ನಿರ್ಧರಿಸಬೇಕು, ಹಾಗಾಗಿ ಕೋಚ್ ಹೇಳಿಕೊಡುವುದೆಲ್ಲ ಮೊದಲೇ ಮೈಗೂಡಿರಬೇಕು. ಅದರಲ್ಲೂ ಬಿಡುವುದನ್ನು ಕಲಿಸುವುದೇ ಜಾಸ್ತಿ ಕಷ್ಟ ಅಂತ ನನ್ನ ಅನಿಸಿಕೆ.

ಇದೇ ತಂಡದಲ್ಲಿ ಆಡುತ್ತಿದ್ದ ಹವಾಯಿಯ ಹುಡುಗಿ ಜೋಸೆಲಿನ್ ಆಲೊ 2022ರಲ್ಲಿ, ಕಾಲೇಜು ಆಟದ ಎಲ್ಲ ವರ್ಷ ಸೇರಿ 95 ಹೋಂ ರನ್‌ಗಳ ದಾಖಲೆಯನ್ನು ಸರಿಗಟ್ಟಿದ ಮೇಲೆ ಎದುರಾಳಿಗಳು ಹೊಡೆಯುವಂಥ ಚೆಂಡನ್ನೇ ಹಾಕುತ್ತಿರಲಿಲ್ಲ. ಆಕೆ ಕಾದಳು. ಕೊನೆಗೆ ತನ್ನ ಹವಾಯಿಯಲ್ಲೇ, ಮನೆಯವರ ಎದುರಲ್ಲೇ 96ನೆಯದನ್ನು ಹೊಡೆದಳು. ಕಾಲೇಜು ಮುಗಿಸುವಾಗ ಲೆಕ್ಕ 122. ಕಾದಿದ್ದ ಆ ದಿನಗಳಲ್ಲಿ ಕೋಚ್ ಆಕೆಗೆ ಏನು ಹೇಳುತ್ತಿದ್ದರು ಅಂತ ಕೇಳಬೇಕು ಅನ್ನಿಸುತ್ತದೆ.